ಬಸ್ಸು ಹೆದರಿದ ಮುಖಕ್ಕೆ ತಾರೆ ಮರದ ಕೆತ್ತೆ

ಮೊದಲು ನನ್ನ ಪಕ್ಕದ ಸೀಟು ಖಾಲಿಯಾಯಿತು. ಆಮೇಲೆ ಎದುರಿನದು. ಆಮೇಲೆ ಹಿಂದಿನದು.

ಸುಳ್ಯದಿಂದ ಪುತ್ತೂರಿಗೆ ಬರುವ ಬೆಳಗ್ಗಿನ ಬಸ್ಸು ಅದು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ವಾರ. ಕಾಲೂರಲು ಜಾಗವಿಲ್ಲದಷ್ಟು ರಶ್ಶು. ಅಂಥ ಬಸ್ಸಿನಲ್ಲಿ ನನ್ನ ಸುತ್ತ ಮಾತ್ರ ಚಾಪೆ ಹಾಸಿ ಮಲಗಬಹುದಾದಷ್ಟು ಜಾಗ. ನಾನು, ತೊಡೆಯ ಮೇಲೆ ಒಂಬತ್ತು ತಿಂಗಳ ಮಗಳು ಉಷಾ, ಕಾಲ ಬಳಿ ಟ್ರಂಕು. ಮೂವರೇ. (ಟ್ರಂಕನ್ನೂ ಸೇರಿಸಿಕೊಂಡಿದ್ದೇನೆ. ಅದೊಂದೇ ನನ್ನಿಂದ ದೂರ ಸರಿಯಲಿಲ್ಲ.)

ಅಜ್ಜಾವರದ ತವರಿನಿಂದ ಹೊರಡುವಾಗ ನನ್ನ ಬಲಗಣ್ಣಿನ ರೆಪ್ಪೆ ಸ್ವಲ್ಪ ದಪ್ಪಗಾಗಿತ್ತು. ಹಿಂದಿನ ರಾತ್ರಿಯಿಂದ ಕೈ ತುರಿಕೆ. "ಇರುವೆ ಕಚ್ಚಿರ್ಬೇಕು, ಎಣ್ಣೆ ಹಚ್ಚಿಕೊ" ಎಂದರು ಅಮ್ಮ. ಹಚ್ಚಿಕೊಂಡು ಬಸ್ಸು ಹತ್ತಿದೆ. ಜಾಲ್ಸೂರು ದಾಟುವಾಗ ಎಡಗಣ್ಣೂ ಭಾರವಾಯಿತು. ಕಾವು ಪೇಟೆ ಬರುವಾಗ ತುಟಿ ನನ್ನದಲ್ಲ ಅನ್ನಿಸಿತು. ಕೆನ್ನೆ ಉರಿಯುತ್ತಿತ್ತು, ಬಿಗಿಯುತ್ತಿತ್ತು, ಹಣೆಯ ಮೇಲೆ ಸಣ್ಣ ಸಣ್ಣ ನೀರಿನ ಗುಳ್ಳೆಗಳು ಬೆರಳಿಗೆ ಸಿಗುತ್ತಿದ್ದವು.

ಕನ್ನಡಿ ಇರಲಿಲ್ಲ. ಬೇಕಾಗಲೂ ಇಲ್ಲ. ಎದುರಿನವರ ಮುಖಗಳೇ ಎಲ್ಲ ಹೇಳುತ್ತಿದ್ದವು.

"ಅಕ್ಕ, ನಿಮ್ಗೆ ಎಂತ ಆದದ್ದು?" ಕಂಡಕ್ಟರ್ ಎರಡು ಸೀಟು ಆಚೆಯಿಂದ ಕೇಳಿದ.

"ಎಂತ ಇಲ್ಲ. ಇರುವೆ ಕಚ್ಚಿದ್ದು."

ಹಿಂದಿನಿಂದ ಯಾರೋ ಹೇಳಿದರು: "ಇರುವೆ ಅಂತೆ. ಸಿಡುಬು ಮಾರಾಯ್ರೆ ಅದು. ಕೈಯಲ್ಲಿ ಮಗು ಬೇರೆ."

ಆ ಒಂದು ಶಬ್ದ ಸಾಕಾಯಿತು. ಘಟ್ಟದ ಮೇಲೆ ಎಲ್ಲೋ ಸಿಡುಬು ಎದ್ದಿದೆ ಎಂಬ ಸುದ್ದಿ ಆಗ ಊರೂರು ತಿರುಗುತ್ತಿತ್ತು. ಸುದ್ದಿ ನಿಜವೋ ಸುಳ್ಳೋ ಯಾರಿಗೂ ಗೊತ್ತಿಲ್ಲ. ಹೆದರಲು ನಿಜವೇ ಬೇಕೆಂದು ಎಲ್ಲಿದೆ?

ಕುಂಬ್ರದಲ್ಲಿ ಬಸ್ಸು ನಿಂತಿತು. ಕಂಡಕ್ಟರ್ ನನ್ನ ಟ್ರಂಕನ್ನು ಉದ್ದ ಕೈ ಮಾಡಿ ಕೆಳಗಿಳಿಸಿದ. "ಬೇಜಾರು ಮಾಡ್ಬೇಡಿ ಅಕ್ಕ. ಉಳಿದವರು ಕೇಳುದಿಲ್ಲ. ಪುತ್ತೂರಲ್ಲಿ ನಿಮ್ಮವರು ನಿಂತಿರ್ತಾರೆ ಅಂದ್ರಲ್ಲ, ನಾನೇ ಹೇಳ್ತೇನೆ ಅವರಿಗೆ."

ಅವನ ಮೇಲೆ ನನಗೆ ಸಿಟ್ಟಿಲ್ಲ. ಅಂದೂ ಇರಲಿಲ್ಲ. ಬಸ್ಸಿನ ತುಂಬ ಮಕ್ಕಳಿದ್ದರು. ಅವನಿಗೂ ಮನೆಯಲ್ಲಿ ಮಕ್ಕಳಿದ್ದಿರಬೇಕು.

ಜೂನಿನಲ್ಲಿ ಈ ಅಂಕಣ ಕೆಲವು ವಾರ ಬರಲಿಲ್ಲ, ಯಾಕೆ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. "ಟೀಚರಿಗೆ ಬರೆಯಲು ವಿಷಯ ಮುಗಿಯಿತೇ?" ಎಂದು ಒಬ್ಬರು ಕಾರ್ಡ್ ಕೂಡ ಬರೆದಿದ್ದರು. ವಿಷಯ ಮುಗಿದಿರಲಿಲ್ಲ ಸ್ವಾಮೀ, ವಿಷಯ ನನ್ನ ಮುಖದ ಮೇಲೇ ಎದ್ದಿತ್ತು. ಬರೆಯಲು ಇಷ್ಟು ತಿಂಗಳು ತಡ ಮಾಡಿದ್ದಕ್ಕೆ ಕಾರಣವೂ ಇದೆ. ಕತೆ ಮುಗಿದದ್ದು ಹೋದ ವಾರ, ಕೊಲ್ಲಮೊಗ್ರಿನ ಕಾಡಂಚಿನಲ್ಲಿ.

ಮೊದಲು ಕುಂಬ್ರ.

ಬಸ್ಸು ಹೊರಟುಹೋಯಿತು. ಜಂಕ್ಷನ್‌ನಲ್ಲಿ ನಾಲ್ಕಾರು ಅಂಗಡಿಗಳು. ನಾನು ಒಂದು ಅಂಗಡಿಯ ಕಡೆ ಎರಡು ಹೆಜ್ಜೆ ಇಟ್ಟೆ. ಒಳಗಿನಿಂದ ಧ್ವನಿ ಬಂತು: "ಅಲ್ಲೇ ಕೂತ್ಕೊಳ್ಳಿ ಅಕ್ಕ. ಹತ್ತಿರ ಬರುದು ಬೇಡ. ನೀರು ಬೇಕಾದ್ರೆ ಇಡ್ತೇವೆ."

ರಸ್ತೆ ಬದಿಯ ಮಾವಿನ ಮರದ ಕೆಳಗೆ ಟ್ರಂಕಿನ ಮೇಲೆ ಕೂತೆ. ಆಗ ನನಗೂ ಆ ಶಬ್ದ ಹೊಕ್ಕಿತು. ಸಿಡುಬು. ಬಸ್ಸಿನವರು ಹೇಳಿದಾಗ ಅದು ಅವರ ಹೆದರಿಕೆ ಆಗಿತ್ತು. ಒಬ್ಬಳೇ ಆದಾಗ ಅದು ನನ್ನದಾಯಿತು.

ಮಡಿಲಲ್ಲಿ ಉಷಾ. ಬೆಳಿಗ್ಗೆಯಿಂದ ನನ್ನ ಎದೆಗೆ ಒರಗಿಕೊಂಡು ಬಂದವಳು. ನಾನು ಅವಳನ್ನು ತೆಗೆದು ಟ್ರಂಕಿನ ಮೇಲೆ ಕೂರಿಸಿ, ಬೀಳದಂತೆ ಸೀರೆಯ ಸೆರಗಿನ ತುದಿಯಿಂದ ಮಾತ್ರ ಹಿಡಿದುಕೊಂಡೆ. ಅವಳಿಗೆ ಹಾಲಿನ ಹೊತ್ತಾಗಿತ್ತು. ಅಳಲು ಶುರುಮಾಡಿದಳು. ಎತ್ತಿಕೊಳ್ಳಲೇ? ಕೊಡಲೇ? ನನ್ನಿಂದ ಅವಳಿಗೆ ಬಂದರೆ? ಈಗಾಗಲೇ ಬಂದಿದ್ದರೆ?

ಸಮಾಧಾನ ಮಾಡಲು ಬಗ್ಗಿದೆ. ನನ್ನ ಮುಖ ನೋಡಿದ್ದೇ ಅವಳು ಇನ್ನೂ ಜೋರಾಗಿ ಕಿರುಚಿ ಹಿಂದಕ್ಕೆ ವಾಲಿದಳು. ನನ್ನ ಮಗಳಿಗೆ ನಾನು ಯಾರೆಂದು ತಿಳಿಯಲಿಲ್ಲ.

ಓದುಗರೇ, ಬಸ್ಸಿನವರು ಇಳಿಸಿದ್ದು ನನಗೆ ಅಷ್ಟು ನೋವು ಕೊಡಲಿಲ್ಲ.

ಅಂಗಡಿಗಳ ಹಿಂದೆ ಹಂಚಿನ ಮಾಡಿನ ಒಂದು ದೊಡ್ಡ ಮನೆ. ಮೋಪಿನ ವ್ಯಾಪಾರ ಮಾಡುವ ಬ್ಯಾರಿ ಸಾಹುಕಾರರದ್ದು ಎಂದು ಆಮೇಲೆ ತಿಳಿಯಿತು. ಮರದ ದಿಮ್ಮಿಗಳನ್ನು ಘಟ್ಟದ ಬುಡದಿಂದ ಇಳಿಸಿ ಮಂಗಳೂರಿಗೆ ಕಳಿಸುವವರು. ಹೆಸರು ಮೊಯ್ದಿನಬ್ಬ. ಆ ಮನೆಯ ಕಿಟಕಿಯಲ್ಲಿ ಒಂದು ಮುಖ ಕಂಡಂತಾಯಿತು, ಮರೆಯಾಯಿತು. ಸ್ವಲ್ಪ ಹೊತ್ತಿನಲ್ಲಿ ಕೊಡೆ ಹಿಡಿದ ಒಬ್ಬ ಹೆಂಗಸು, ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಳ್ಳುತ್ತ ನೇರ ನನ್ನ ಕಡೆಗೇ ನಡೆದು ಬಂದರು. ವಯಸ್ಸು ಐವತ್ತರ ಆಸುಪಾಸು. ಸಾಹುಕಾರರ ಹೆಂಡತಿ, ಐಸಮ್ಮ.

ಅಂಗಡಿಯವರು ಎದ್ದು ನಿಂತರು. ಐಸಮ್ಮ ಹೀಗೆ ಹಾಡುಹಗಲಿನಲ್ಲಿ ರಸ್ತೆಗೆ ಇಳಿದದ್ದನ್ನು ಕುಂಬ್ರ ಕಂಡಿರಲಿಲ್ಲವಂತೆ.

"ಐಸಮ್ಮ, ಹತ್ತಿರ ಹೋಗ್ಬೇಡಿ, ಸಿಡುಬು" ಎಂದು ಯಾರೋ ಕೂಗಿ ಹೇಳಿದರು.

ಅವರು ತಿರುಗಿ ಕೂಡ ನೋಡಲಿಲ್ಲ. ನನ್ನೆದುರು ನಿಂತು ಕೇಳಿದರು. (ನಾವು ಮಾತಾಡಿದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ.)

"ಜ್ವರ ಬಂದದ್ದುಂಟಾ?"

"ಇಲ್ಲ."

"ನಿನ್ನೆ? ಮೊನ್ನೆ? ಬೆನ್ನು ನೋವು, ತಲೆ ಸಿಡಿತ?"

"ಇಲ್ಲ. ತುರಿಕೆ ಮಾತ್ರ."

"ಕೈ ತೋರ್ಸು."

ತೋರಿಸಿದೆ. ಬಲಗೈಯ ಮಣಿಕಟ್ಟಿನ ಮೇಲೆ ಶಾಯಿ ಚೆಲ್ಲಿದಂಥ ಕಪ್ಪು ಕಲೆ. ಎರಡು ದಿನದಿಂದ ಇತ್ತು. ತೊಳೆದರೆ ಹೋಗಿರಲಿಲ್ಲ. ಅಡಿಕೆಯ ಕಲೆ ಎಂದುಕೊಂಡಿದ್ದೆ. ಐಸಮ್ಮ ಬಗ್ಗಿ ಅದನ್ನು ನೋಡಿದರು.

"ಎಲ್ಲಿ ಕೂತಿದ್ದಿ? ಮರ ಎಂತಾದ್ರೂ ಮುಟ್ಟಿದ್ಯಾ?"

ನೆನಪಾಯಿತು. ಅಣ್ಣ ದನದ ಹಟ್ಟಿ ಕಟ್ಟಿಸಲು ಹೊಸದಾಗಿ ಕಡಿಸಿ ತಂದ ಕಂಬಗಳು ಅಂಗಳದಲ್ಲಿ ಬಿದ್ದಿದ್ದವು. ಮೊನ್ನೆ ಸಂಜೆ ಅವುಗಳ ಮೇಲೆ ಕೂತು, ಕೈ ಊರಿ, ತಂಗಾಳಿಗೆ ಹರಟೆ ಹೊಡೆದಿದ್ದೆ. ಬೆವರು ಒರೆಸಿಕೊಂಡದ್ದೂ ಅದೇ ಕೈಯಿಂದ.

"ಚೇರೆ" ಎಂದರು ಐಸಮ್ಮ. "ಚೇರೆ ಮರದ ಸೊನೆ. ಸಿಡುಬು ಅಲ್ಲ, ಎಂತದೂ ಅಲ್ಲ."

ಆಮೇಲೆ ಅವರು ಮಾಡಿದ್ದನ್ನು ನಾನು ಬದುಕಿರುವವರೆಗೆ ಮರೆಯಲಾರೆ. ಕೊಡೆಯನ್ನು ಎಡಗೈಗೆ ಬದಲಾಯಿಸಿ, ಬಲಗೈಯ ಬೆರಳುಗಳ ಹಿಂಭಾಗವನ್ನು ನನ್ನ ಕೆನ್ನೆಗೆ ಇಟ್ಟರು. ಬಿಸಿ ನೋಡುವವರ ಹಾಗೆ. ಇಡೀ ಬಸ್ಸು ಹೆದರಿದ ಕೆನ್ನೆ. ಹೆತ್ತ ಮಗಳೇ ಹೆದರಿದ ಕೆನ್ನೆ. ಅಂಗಡಿಗಳ ಎದುರು, ಎಲ್ಲರಿಗೂ ಕಾಣುವ ಹಾಗೆ.

"ಏಳು ಮೋಳೆ, ಒಳಗೆ ಹೋಗುವ" ಎಂದರು. ಮೋಳೆ ಎಂದರೆ ಅವರ ಮನೆಮಾತಿನಲ್ಲಿ ಮಗಳೇ ಎಂದು.

ಅಂಗಡಿಯವನೊಬ್ಬ ತಾನಾಗಿ ಬಂದು ಟ್ರಂಕು ಎತ್ತಿದ.

ಚೇರೆ ಮರ ನಮ್ಮ ಕಡೆಯವರಿಗೆ ಹೊಸದಲ್ಲ. ಹೊಳೆಗೇರು ಎನ್ನುವವರೂ ಇದ್ದಾರೆ. ಅದರ ಸೊನೆ ಗಾಳಿಗೆ ಕಪ್ಪಾಗುತ್ತದೆ. ಮೈಗೆ ತಾಗಿದರೆ ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರು ಸುಟ್ಟವರ ಹಾಗೆ ಊದಿಕೊಳ್ಳುತ್ತಾರೆ. ತಾಗಿದ ಕೂಡಲೇ ಅಲ್ಲ, ಒಂದೆರಡು ದಿನ ಬಿಟ್ಟು. ಅಷ್ಟರಲ್ಲಿ ಎಲ್ಲಿ ಕೂತಿದ್ದೆವು ಎಂಬುದೇ ಮರೆತುಹೋಗಿರುತ್ತದೆ. ಅಜ್ಜಾವರದಲ್ಲಿ ಹುಟ್ಟಿ ಬೆಳೆದ ನಾನೇ ಮರೆತಿದ್ದೆ. ಪುಸ್ತಕದ ವಿಜ್ಞಾನ ಕಲಿಸುವವಳು, ಅಂಗಳದ ಕಂಬವನ್ನು ನೋಡಿರಲಿಲ್ಲ.

ಐಸಮ್ಮನ ಮನೆಯ ಹಿತ್ತಿಲಲ್ಲಿ ಮೊದಲು ಆದದ್ದು ಸ್ನಾನ. ತಣ್ಣೀರು, ಸಾಬೂನು. ಬಿಸಿನೀರು ಕೂಡದು. ಉಗುರಿನ ಸಂದು ಉಜ್ಜಿಸಿದರು. ಹಚ್ಚಿದ ಎಣ್ಣೆಯನ್ನೆಲ್ಲ ತೊಳೆಸಿದರು. ("ಎಣ್ಣೆ ಹಚ್ಚಿದ್ರೆ ಸೊನೆ ಊರು ಸುತ್ತುದು" ಎಂದರು. ಅಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ.) ಮೊನ್ನೆ ಉಟ್ಟಿದ್ದ ಸೀರೆ ಟ್ರಂಕಿನಲ್ಲಿತ್ತು. ಅದನ್ನು ಕೋಲಿನಿಂದ ಎತ್ತಿ ಬೇರೆ ಬಾಲ್ದಿಗೆ ಹಾಕಿಸಿದರು. ನನಗೆ ಉಡಲು ಅವರದೇ ಮಡಿಸಿದ ಬಟ್ಟೆ, ಉದ್ದ ತೋಳಿನ ಬಿಳಿ ಕುಪ್ಪಾಯ.

ಮಗುವನ್ನು ಬೇರೆ ತೊಳೆದರು. ಬರೀ ನೀರಿನಲ್ಲಿ. ಅವಳ ಮೈಯನ್ನು ಬೆಳಕಿಗೆ ಹಿಡಿದು, ಕತ್ತಿನ ಮಡಿಕೆ, ತೊಡೆ ಸಂದು, ಬೆರಳ ನಡುವೆ ಎಲ್ಲ ನೋಡಿದರು. "ಇವಳಿಗೆ ತಾಗಿಲ್ಲ" ಎಂದರು.

ನಾನು ಅಲ್ಲೇ ಕೂತು ಅತ್ತೆ. ಊದಿದ ಕಣ್ಣಿನಿಂದ ನೀರು ಬರುವುದು ಎಷ್ಟು ಕಷ್ಟ ಎಂದು ಆವತ್ತು ಗೊತ್ತಾಯಿತು.

"ಹಾಲು ಕೊಡು ಈಗ" ಎಂದರು ಐಸಮ್ಮ. "ಎದೆಯ ಹತ್ತಿರ ಗುಳ್ಳೆ ಇಲ್ಲ ತಾನೆ? ಹಾಗಾದ್ರೆ ಕೊಡು. ಮುಖ ಆಚೆ ತಿರ್ಗಿಸಿಕೊ. ಅವಳಿಗೆ ಮುಖ ಬೇಡ, ನೀನು ಸಾಕು."

ಮುಖ ತಿರುಗಿಸಿಕೊಂಡೆ. ಉಷಾ ಮೊದಲು ಬಿಗಿಯಾದಳು. ಬೇರೆಯವರ ಬಟ್ಟೆ, ಬೇರೆ ಸಾಬೂನಿನ ವಾಸನೆ. ಮೂಗನ್ನು ಚರ್ಮಕ್ಕೆ ಒತ್ತಿ ಅತ್ತ ಇತ್ತ ಆಡಿಸಿದಳು. ಹುಡುಕುತ್ತಿದ್ದಳು. ನಾನು ಉಸಿರು ಬಿಡಲಿಲ್ಲ. ಆಮೇಲೆ ಅವಳ ಮೈ ಸಡಿಲಾಯಿತು, ಕುಡಿಯತೊಡಗಿದಳು. ಸೊನೆಗೂ ಸಾಬೂನಿಗೂ ಆಚೆ, ನನ್ನ ಚರ್ಮದಲ್ಲಿ ಎಲ್ಲೋ ನಾನು ಉಳಿದಿದ್ದೆ. ಅದನ್ನು ಒಂಬತ್ತು ತಿಂಗಳ ಮೂಗು ಪತ್ತೆ ಮಾಡಿತು.

ಇಷ್ಟರಲ್ಲಿ ಒಲೆಯ ಮೇಲೆ ಮಣ್ಣಿನ ಪಾತ್ರೆ ಕುದಿಯುತ್ತಿತ್ತು.

ಐಸಮ್ಮ ಮೇಲಿನ ಅಟ್ಟದಿಂದ ಒಂದು ಬಿಸ್ಕಿಟ್ ಡಬ್ಬಿ ತೆಗೆಸಿದ್ದರು. ಅದರೊಳಗೆ ಒಣಗಿದ, ಬೂದು ಬಣ್ಣದ ಮರದ ಚಕ್ಕೆಗಳು. ನಾವು ಕೆತ್ತೆ ಎನ್ನುತ್ತೇವಲ್ಲ, ಮರದ ತೊಗಟೆ.

"ತಾರೆ ಮರದ್ದು" ಎಂದರು. ತ್ರಿಫಲದಲ್ಲಿ ಸೇರುವ ತಾರೆಕಾಯಿ ಬಿಡುತ್ತದಲ್ಲ, ಅದೇ ಮರ. ಚೇರೆಯೂ ತಾರೆಯೂ ಅಣ್ಣ ತಂಗಿ ಎಂದೂ, ಅಣ್ಣನ ಸಿಟ್ಟನ್ನು ತಂಗಿ ಇಳಿಸುತ್ತಾಳೆಂದೂ ನನ್ನ ಅಜ್ಜಿ ಹೇಳುತ್ತಿದ್ದದ್ದು ಆಗ ನೆನಪಾಯಿತು. ಚೇರೆ ತಾಗಿದವರು ತಾರೆ ಮರಕ್ಕೆ ಸುತ್ತು ಬರಬೇಕು ಎಂದೂ ಹೇಳುತ್ತಿದ್ದರು. ನಾನು ಅದನ್ನು ಕತೆಗಳ ಲೆಕ್ಕಕ್ಕೆ ಸೇರಿಸಿದ್ದೆ.

ನೀರು ಚಹಾದ ಬಣ್ಣಕ್ಕೆ ಬಂದಾಗ ಇಳಿಸಿದರು. ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿದರು. ಪೂರ್ತಿ ತಣಿಯಲು ಬಿಟ್ಟರು. ನಾನು ಮುಖ ಒಡ್ಡಿ ಕೂತೆ.

"ಅವಸರ ಎಂತ?" ಎಂದರು. ಬಟ್ಟೆಯ ತುದಿ ಅದ್ದಿ, ಮೊದಲು ತಮ್ಮ ಮೊಣಕೈಯ ಒಳಬದಿಗೆ ಒತ್ತಿದರು. ಆಮೇಲೆ ನನ್ನ ಮೊಣಕೈಯ ಒಳಬದಿಗೆ, ಗುಳ್ಳೆಯಿಲ್ಲದ ಜಾಗಕ್ಕೆ. "ಮಕ್ಕಳು ಮದ್ರಸದಿಂದ ಬರ್ಲಿ. ಅಷ್ಟರ ತನಕ ಕೆಂಪಾಗದಿದ್ರೆ ಮುಖಕ್ಕೆ."

"ನಿಮ್ಗೆ ಯಾಕೆ ಹಚ್ಚಿಕೊಂಡದ್ದು?" ಎಂದು ಕೇಳಿದೆ.

"ಡಬ್ಬಿಯಲ್ಲಿ ಎಂತ ಸೇರಿದೆ ಅಂತ ಯಾರಿಗೆ ಗೊತ್ತು? ಕಾಡಿನಿಂದ ತರುವವರಿಗೆ ಒಂದು ತುಂಡು ತಪ್ಪಿದ್ರೆ ಮುಗೀತು. ನನ್ನ ಚರ್ಮಕ್ಕೆ ಸುಳ್ಳು ಬೇಗ ಗೊತ್ತಾಗ್ತದೆ."

ಕಾಯುತ್ತ ಕೂತಾಗ ಅವರ ಕತೆ ಹೇಳಿದರು. ಮದುವೆಯಾಗಿ ಈ ಮನೆಗೆ ಬಂದ ಹೊಸತು. ಗಂಡ ಕಾಡಿನಿಂದ ಬಂದು ಬಿಚ್ಚಿದ ಅಂಗಿಯನ್ನು ಒಗೆದರು. ಎರಡು ದಿನದಲ್ಲಿ ಮುಖ ಕುಂಬಳಕಾಯಿ. ಮನೆಯಲ್ಲಿ ಸಿಡುಬೆಂದೇ ತಿಳಿದರು. ಹಿತ್ತಿಲ ಕಟ್ಟಿಗೆ ಕೊಟ್ಟಿಗೆಯಲ್ಲಿ ಬೇರೆ ಇಟ್ಟರು. ಗಂಜಿಯನ್ನು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರಂತೆ. ಗಂಡ ಮತ್ತೆ ಕಾಡಿಗೆ ಹೋಗಿದ್ದರು. ಹದಿನೇಳರ ಹುಡುಗಿ, ಹೊಸ ಊರು, ಒಬ್ಬಳೇ.

"ತುರಿಕೆ, ಉರಿ ಎಲ್ಲ ಈಗ ಮರೆತಿದೆ" ಎಂದರು. "ಯಾರೂ ಮುಟ್ಲಿಲ್ಲ ಅಲ್ವಾ, ಅದು ಮರೆತಿಲ್ಲ. ಕಡೆಗೆ ತವರಿಗೆ ಹೋಗಿದ್ದ ಅತ್ತೆ ಬಂದು ಕೈಯ ಕಲೆ ನೋಡಿ ಗುರ್ತ ಹಿಡಿದ್ರು. ಅವರೇ ಈ ಕೆತ್ತೆ ನೀರು ಹೊಯ್ದದ್ದು. ಆವತ್ತಿನಿಂದ ಡಬ್ಬಿ ಖಾಲಿ ಆಗ್ಲಿಕ್ಕೆ ಬಿಟ್ಟಿಲ್ಲ."

ಮಕ್ಕಳು ಬಂದರು. ನನ್ನ ಮೊಣಕೈ ಕೆಂಪಾಗಿರಲಿಲ್ಲ. ಅವರದೂ.

ತಣ್ಣಗಿನ ಬಟ್ಟೆ ಹಣೆಗೆ ತಾಗಿದಾಗ ಏನಾಯಿತು ಎಂದು ಬರೆಯಲು ನನ್ನಲ್ಲಿ ಶಬ್ದವಿಲ್ಲ. ಉರಿಯುವ ಹಂಚಿಗೆ ನೀರು ಬಿದ್ದು ಚುಂಯ್ ಎನ್ನುವುದಿಲ್ಲವೇ, ಆ ಚುಂಯ್ ನನ್ನ ಮುಖದೊಳಗೆ ಕೇಳಿಸಿತು. ಚರ್ಮ ಮೆಲ್ಲಗೆ ಬಿಗಿದುಕೊಂಡಿತು, ಬಿಗಿದು ತಣ್ಣಗಾಯಿತು. ಬೆಳಗ್ಗಿನಿಂದ ಮೊದಲ ಸಲ ತುರಿಕೆ ಸುಮ್ಮನಾಯಿತು. ಒಂದು ಮರದ ತೊಗಟೆಗೆ ಇನ್ನೊಂದು ಮರದ ಸಿಟ್ಟು ಗೊತ್ತಿದೆಯಲ್ಲ. ಅವಕ್ಕೆ ಯಾರು ಹೇಳಿಕೊಟ್ಟರು? ರಾಕೆಟ್ಟು ಚಂದ್ರನ ಕಡೆ ಹೊರಟಿದೆ ಎಂದು ಕ್ಲಾಸಿನಲ್ಲಿ ಪಾಠ ಮಾಡುವಾಗಲೂ ನನಗೆ ಅಷ್ಟು ಸೋಜಿಗವಾಗಿರಲಿಲ್ಲ.

"ಕಣ್ಣಿಗೆ ಬೇಡ" ಎಂದು ಐಸಮ್ಮ ಬಟ್ಟೆಯನ್ನು ರೆಪ್ಪೆಯ ಆಚೆಗೇ ನಿಲ್ಲಿಸಿದರು. "ಒಡೆದ ಗುಳ್ಳೆಗೆ ಬೇಡ. ಕುಡಿಯುದಂತೂ ಇಲ್ಲವೇ ಇಲ್ಲ. ಕಣ್ಣನ್ನು ಡಾಕ್ಟ್ರಿಗೆ ತೋರ್ಸಬೇಕು."

ಮಧ್ಯಾಹ್ನ ನಮ್ಮ ಮನೆಯವರು ಬಂದರು. ಪುತ್ತೂರಿನಿಂದ ಸೈಕಲ್ ತುಳಿದುಕೊಂಡು. ಕಂಡಕ್ಟರ್ ಹೇಳಿದ ಒಂದೇ ಶಬ್ದವನ್ನು ದಾರಿಯುದ್ದಕ್ಕೂ ತಲೆಯಲ್ಲಿ ಹೊತ್ತುಕೊಂಡು ಬಂದಿದ್ದರು. ಗೇಟಿನ ಬಳಿ ಸೈಕಲ್ ಬಿಟ್ಟು, ಅದು ಬಿದ್ದದ್ದೂ ತಿಳಿಯದೆ ನಿಂತರು.

"ಮಾರಾಯ್ರೆ, ಒಳಗೆ ಬನ್ನಿ" ಎಂದರು ಮೊಯ್ದಿನಬ್ಬ ಸಾಹುಕಾರರು. "ಸಿಡುಬು ಅಲ್ಲ. ಚೇರೆ."

"ಮಗು?" ಎಂದರು ಇವರು. ಅಷ್ಟೇ.

"ಮಲಗಿದೆ. ಹಾಲು ಕುಡಿದು ಮಲಗಿದೆ."

ಇವರು ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸಾಹುಕಾರರು ಪಕ್ಕದಲ್ಲಿ ಕೂತರು. ಐಸಮ್ಮ ಒಳಗಿನಿಂದ ಎರಡು ಲೋಟ ಬೆಲ್ಲದ ಚಹಾ ಕಳಿಸಿದರು.

ಬಸ್ಸು ಹತ್ತಿಸಿಕೊಳ್ಳುವ ಹಾಗಿರಲಿಲ್ಲ. ಸಾಹುಕಾರರ ಜೀಪಿನಲ್ಲೇ ಪುತ್ತೂರಿಗೆ ಬಂದೆವು, ನೇರ ಡಾಕ್ಟರ ಬಳಿಗೆ. ಅವರು ಟಾರ್ಚು ಹಾಕಿ ಕಣ್ಣು ನೋಡಿದರು, ಕಣ್ಣಿಗೆ ಡ್ರಾಪ್ಸ್ ಕೊಟ್ಟರು, ಗುಲಾಬಿ ಬಣ್ಣದ ಲೋಷನ್ ಬರೆದರು. ನಾನು ಹೆದರುತ್ತಲೇ ಕೆತ್ತೆ ನೀರಿನ ವಿಷಯ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ತಾರೆ ಕೆತ್ತೆಯಾ? ಅದರಲ್ಲಿ ಟ್ಯಾನಿನ್ ಉಂಟು" ಎಂದರು. "ಚರ್ಮ ಬಿಗಿಯಾಗ್ತದೆ, ಒಸರುದು ಕಮ್ಮಿ ಆಗ್ತದೆ. ಶುದ್ಧವಾಗಿ ಕುದಿಸಿ ತಣಿಸಿದ್ದಾದ್ರೆ ತೊಳೀರಿ. ಕಣ್ಣು ಮಾತ್ರ ನನಗೆ ಬಿಡಿ."

"ಅದು ಹಾಕದಿದ್ರೆ ಗುಣ ಆಗ್ತಿರ್ಲಿಲ್ವಾ ಡಾಕ್ಟ್ರೇ?"

"ಆಗ್ತಿತ್ತು. ನಿಧಾನಕ್ಕೆ. ನೀವು ತುರಿಸಿ ತುರಿಸಿ ಹುಣ್ಣು ಮಾಡಿಕೊಳ್ಳದೆ ಇದ್ರೆ. ಕೆತ್ತೆ ಎಷ್ಟು ಗುಣ ಮಾಡ್ತದೆ, ಎಲ್ಲರಿಗೂ ಆಗ್ತದಾ, ಅದು ನನಗೆ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಹೇಳುದು ಹೇಗೆ?"

ಗೊತ್ತಿಲ್ಲ ಎಂದು ಹೇಳುವ ಡಾಕ್ಟರನ್ನು ಕಂಡರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಇವರಿಗೆ ಲೋಷನ್ ಮೇಲೆ ನಂಬಿಕೆ, ನನಗೆ ಕೆತ್ತೆಯ ಮೇಲೆ. ಮನೆಯಲ್ಲಿ ಜಗಳ ಬೇಡವೆಂದು ಎಡಗೈಗೆ ಲೋಷನ್, ಬಲಗೈಗೆ ಕೆತ್ತೆ ನೀರು ಎಂದು ಒಪ್ಪಂದವಾಯಿತು. (ಮುಖ ನನ್ನ ಪಾಲಿಗೆ ಬಂತು.) ಬಲಗೈಯ ತುರಿಕೆ ಬೇಗ ಸುಮ್ಮನಾಯಿತು, ಗುಳ್ಳೆಯೂ ಬೇಗ ಒಣಗಿತು. ಆದರೆ ಪೂರ್ತಿ ವಾಸಿಯಾದದ್ದು ಎರಡೂ ಹೆಚ್ಚು ಕಮ್ಮಿ ಒಟ್ಟಿಗೇ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಪವಾಡ ಮಾರುವವಳು ನಾನಲ್ಲ.

ಪವಾಡ ಕೊಳ್ಳುವವರು ಮಾತ್ರ ಬಂದೇ ಬಂದರು.

ಶಾಲೆಗೆ ಮರಳಿದಾಗ ನನ್ನ ಮುಖದ ಸಿಪ್ಪೆ ಎದ್ದುಹೋಗಿ ಹೊಸ ಚರ್ಮ ಬಂದಿತ್ತು. ಎಳೆಯ ಮಾವಿನ ಚಿಗುರಿನ ಹಾಗೆ ನುಣುಪು. ಸ್ಟಾಫ್ ರೂಮಿನಲ್ಲಿ ಯಾರೂ ನನ್ನ ಆರೋಗ್ಯ ಕೇಳಲಿಲ್ಲ. "ಯಾವ ಸ್ನೋ ಹಚ್ಚುದು?" ಎಂದು ಕೇಳಿದರು. ಕೆತ್ತೆ ಎಂದೆ. ಆವತ್ತಿನಿಂದ ನನಗೆ ನೆಮ್ಮದಿಯಿಲ್ಲ. ಬಣ್ಣ ಬರ್ತದಾ? ಮೊಡವೆ ಹೋಗ್ತದಾ? ಮದುವೆಗೆ ಮೊದಲು ಎಷ್ಟು ವಾರ ಹಚ್ಚಬೇಕು? ಊರಿನ ಬೇರು ನಾರಿನ ಗಾಂಧಿ ಅಂಗಡಿಯಲ್ಲಿ ಯಾವ ಕೆತ್ತೆ ಸಿಕ್ಕಿದರೂ ಕುದಿಸಿ ಬಳಿದುಕೊಳ್ಳಲು ತಯಾರಿದ್ದರು. ಚೇರೆಯ ತೊಗಟೆಯೂ ಬೂದು ಬಣ್ಣದ್ದೇ ಎಂದು ಹೇಳಿದೆ. ಯಾರಿಗೂ ಕೇಳಿಸಲಿಲ್ಲ.

ನಮ್ಮ ಹೊಲಿಗೆ ಟೀಚರ್ ಸುಮತಿಯನ್ನು ತಡೆಯಲಾಗಲೇ ಇಲ್ಲ. ಅವಳಿಗೆ ಕೆನ್ನೆಯ ತುಂಬ ಮೊಡವೆ, ಹೆಣ್ಣು ನೋಡಲು ಬರುವವರ ದಿನ ಹತ್ತಿರ. ಅವಳನ್ನು ಕುಂಬ್ರಕ್ಕೇ ಕರೆದುಕೊಂಡು ಹೋದೆ. ಐಸಮ್ಮ ಅದೇ ಡಬ್ಬಿ ತೆಗೆದರು, ಅದೇ ರೀತಿ ಕುದಿಸಿದರು, ಅದೇ ರೀತಿ ಮೊಣಕೈಯ ಒಳಬದಿಗೆ ಒತ್ತಿ ಕೂರಿಸಿದರು. ಸುಮತಿ ಗೊಣಗಿದಳು.

ಚಹಾ ಕುಡಿದು ಮುಗಿಸುವಷ್ಟರಲ್ಲಿ ಅವಳ ಮೊಣಕೈಯಲ್ಲಿ ಕೆಂಪು ವರ್ತುಲ ಎದ್ದಿತ್ತು.

"ನಿನಗೆ ಇದು ಬೇಡ ಮೋಳೆ" ಎಂದರು ಐಸಮ್ಮ.

"ಟೀಚರಿಗೆ ಆದದ್ದು ನನಗೆ ಯಾಕೆ ಆಗುದಿಲ್ಲ?"

"ಅವಳ ಚರ್ಮ ಅವಳದ್ದು. ನಿನ್ನದು ನಿನ್ನದು. ತಣ್ಣೀರಲ್ಲಿ ಮುಖ ತೊಳಿ, ಚಿವುಟಬೇಡ. ಮತ್ತೆ ನಿನ್ನನ್ನು ನೋಡ್ಲಿಕ್ಕೆ ಬರುವವನ ಮುಖದಲ್ಲಿ ಮೊಡವೆ ಇಲ್ಲ ಅಂತ ಯಾರು ಹೇಳಿದ್ರು?"

ಸುಮತಿ ನಗಲೋ ಅಳಲೋ ತಿಳಿಯದೆ ನನ್ನ ಮುಖ ನೋಡಿದಳು. ನಾನು ಬೆರಗಾಗಿ ಐಸಮ್ಮನ ಮುಖ ನೋಡುತ್ತಿದ್ದೆ. ನನಗೆ ಔಷಧಿಯಾದ ಅದೇ ನೀರು, ಅದೇ ಪಾತ್ರೆ, ಇವಳಿಗೆ ಆಗಲಿಲ್ಲ. ಕೆತ್ತೆ ಒಳ್ಳೆಯದೋ ಕೆಟ್ಟದ್ದೋ ಎಂದು ನಾವು ಕೇಳುತ್ತೇವೆ. ಯಾರ ಚರ್ಮಕ್ಕೆ ಎಂದು ಕೇಳುವವರು ಎಷ್ಟು ಮಂದಿ?

ಇನ್ನು ಹೋದ ವಾರದ ವಿಷಯ.

ಉಷಾಳನ್ನು ಎತ್ತಿಕೊಂಡು ಕುಂಬ್ರಕ್ಕೆ ಹೋಗಿದ್ದೆ. ಡಬ್ಬಿಯ ಕೆತ್ತೆ ಮುಗಿಯುತ್ತ ಬಂದಿತ್ತು. ಸಾಹುಕಾರರು ಹೊಸ ಕೆತ್ತೆ ತರಲು ಕೊಲ್ಲಮೊಗ್ರಿಗೆ ಹೊರಟಿದ್ದರು. ನಾನು ಸುಮ್ಮನೆ ಕೇಳಿದೆ: "ಐಸಮ್ಮ, ನೀವು ಆ ಮರ ನೋಡಿದ್ದೀರಾ?"

"ಎಲ್ಲಿಂದ ನೋಡುದು? ಮೂವತ್ತು ವರ್ಷದಿಂದ ನನಗೆ ಡಬ್ಬಿ ಮಾತ್ರ ಗೊತ್ತು."

ಸಾಹುಕಾರರು ತಲೆ ಎತ್ತಿದರು. ಹೆಂಡತಿಯನ್ನು ನೋಡಿದರು. ಅವರಿಗೂ ಅದು ಆವತ್ತೇ ಹೊಳೆದದ್ದು ಎಂದು ಕಾಣುತ್ತದೆ. "ಬರ್ತಿಯಾ?" ಎಂದರು.

ಹೋದೆವು. ಜೀಪಿನಲ್ಲಿ ಐಸಮ್ಮ, ನಾನು, ಮಡಿಲಲ್ಲಿ ಉಷಾ. ಕೊಲ್ಲಮೊಗ್ರಿನ ಆಚೆ ಗದ್ದೆ ಮುಗಿದು ಕಾಡು ಶುರುವಾಗುವ ಕಡೆ ಜೀಪು ನಿಂತಿತು. ಸ್ವಲ್ಪ ನಡೆಯಬೇಕಾಯಿತು. "ಕೈ ಎಲ್ಲಿಗೂ ತಾಗಿಸ್ಬೇಡಿ" ಎಂದು ಸಾಹುಕಾರರು ಮುಂದಿನಿಂದ ಹೇಳುತ್ತಲೇ ಇದ್ದರು. ಅಲ್ಲಲ್ಲಿ ಚೇರೆ ಮರಗಳನ್ನು ತೋರಿಸಿದರು. ನಾನು ಸೆರಗು ಬಿಗಿದುಕೊಂಡು ನಡೆದೆ.

ಆಮೇಲೆ ಅದು ಕಂಡಿತು.

ನಾನು ಒಂದು ಮರ ಎಂದುಕೊಂಡಿದ್ದೆ. ಅದು ಒಂದು ಗೋಡೆ. ಬುಡದ ಹಲಗೆಬೇರುಗಳು ನನ್ನ ಸೊಂಟದ ಎತ್ತರಕ್ಕೆ ಬಂದಿದ್ದವು. ಬೂದಿ ಬಳಿದಂಥ ಕಾಂಡ ನೇರ ಮೇಲೆ, ಇನ್ನೂ ಮೇಲೆ, ಕತ್ತು ನೋಯುವವರೆಗೆ ಮೇಲೆ ಹೋಗಿ ಎಲ್ಲೋ ಆಕಾಶದಲ್ಲಿ ಕೊಂಬೆಯಾಗಿತ್ತು. ಗಾಳಿಗೆ ಎಲೆ ಉದುರುತ್ತಿತ್ತು. ಉಷಾ ಕೂಡ ಬಾಯಿ ತೆರೆದು ಮೇಲೆ ನೋಡುತ್ತಿದ್ದಳು.

ಐಸಮ್ಮ ಚಪ್ಪಲಿ ಬಿಟ್ಟು ಹತ್ತಿರ ಹೋದರು. ಮೂವತ್ತು ವರ್ಷ ಚೂರು ಚೂರಾಗಿ ಮನೆಗೆ ಬರುತ್ತಿದ್ದವರು ಯಾರೆಂದು ಈಗ ಮುಖತಃ ನೋಡುತ್ತಿದ್ದರು.

"ಇಷ್ಟು ದೊಡ್ಡವಳಾ ನೀನು?" ಎಂದರು ಮೆಲ್ಲಗೆ.

ಕಾಂಡದ ಒಂದು ಬದಿಯಲ್ಲಿ ಮಾತ್ರ ಕೆತ್ತೆ ತೆಗೆದ ಗುರುತುಗಳು. ಉದ್ದಕ್ಕೆ, ಕಿರಿದಾಗಿ. ಸುತ್ತ ತೆಗೆದರೆ ಮರ ಸಾಯುತ್ತದೆ ಎಂದರು ಸಾಹುಕಾರರು. ಹಳೆಯ ಗಾಯಗಳ ಅಂಚಿನಿಂದ ಹೊಸ ತೊಗಟೆ ದಪ್ಪಗೆ ಉಬ್ಬಿ ಬಂದು ಮುಚ್ಚಿಕೊಳ್ಳುತ್ತಿತ್ತು. ಐಸಮ್ಮ ಅದನ್ನು ಬೆರಳಿನಿಂದ ಸವರಿ ನೋಡಿದರು. ಅಷ್ಟರಲ್ಲಿ ನಾನು ಉಷಾಳನ್ನು ಎತ್ತಿಕೊಂಡು ಮರದ ಹಿಂದೆ ಹೋದವಳು, ಯಾರೂ ನೋಡುತ್ತಿಲ್ಲ ಎಂದುಕೊಂಡು ಒಂದು ಸುತ್ತು ಪೂರ್ತಿ ಬಂದೆ. ಐಸಮ್ಮ ನೋಡಿದರು. ನೋಡದವರ ಹಾಗೆ ಆಚೆ ತಿರುಗಿದರು.

ಸುತ್ತಲೂ ದೊಡ್ಡ ದೊಡ್ಡ ಬುಡಗಳು. ಬುಡಗಳು ಮಾತ್ರ. ಬೋಗಿ, ಹಲಸು, ಮರುವ ಎಂದು ಸಾಹುಕಾರರು ಒಂದೊಂದಕ್ಕೂ ಹೆಸರು ಹೇಳಿದರು. ಎಲ್ಲ ಲಾರಿ ಹತ್ತಿ ಹೋದವು. ನಡುವೆ ಇದೊಂದೇ ನಿಂತಿತ್ತು.

"ಇದನ್ನು ಯಾಕೆ ಬಿಟ್ಟದ್ದು?" ಎಂದು ಕೇಳಿದೆ. ನನ್ನ ಹಾಗೆ ಊದಿದ ಮುಖದವರಿಗಾಗಿ, ಹೆಂಡತಿಯ ಡಬ್ಬಿಗಾಗಿ ಎಂಬ ಉತ್ತರ ಬರುತ್ತದೆ ಎಂದುಕೊಂಡಿದ್ದೆ.

ಮೊಯ್ದಿನಬ್ಬ ಸಾಹುಕಾರರು ಸುಳ್ಳು ಹೇಳುವವರಲ್ಲ. ಮರವನ್ನು ಒಮ್ಮೆ ಬುಡದಿಂದ ತುದಿಯವರೆಗೆ ನೋಡಿದರು. ಆಮೇಲೆ ಹೆಂಡತಿಯನ್ನು ನೋಡಿದರು.

"ತಾರೆಗೆ ರೇಟಿಲ್ಲ ಟೀಚರ್" ಎಂದರು. "ಹಲಗೆ ಬೇಗ ಹುಳ ಹಿಡೀತದೆ. ಯಾರಿಗೂ ಬೇಡ."

ನನ್ನ ಮುಖವನ್ನು ನನಗೆ ಮರಳಿ ಕೊಟ್ಟ ಮರ ಇನ್ನೂ ನಿಂತಿರುವುದು ಅದು ಯಾರಿಗೂ ಬೇಡದ್ದರಿಂದ ಎಂದಾದರೆ, ಎಲ್ಲರಿಗೂ ಬೇಕಾಗಿ ಲಾರಿ ಹತ್ತಿದ ಮರಗಳಲ್ಲಿ ಏನೇನಿತ್ತೋ, ಇನ್ನು ಯಾರನ್ನು ಕೇಳುವುದು?